ಡಿಸ್ಟ್ರಿಬ್ಯೂಟರ್ ಮೇಲೆ ಎಳೆದ ಗೆರೆ

2022ರಲ್ಲಿ ನಾನು ವಿಜಯವಾಡದ ಆಟೋನಗರದಲ್ಲಿ ಸ್ವಂತ ಶೆಡ್ಡು ಇಟ್ಟುಕೊಂಡಿದ್ದೆ. ನನ್ನ ಊರು ತುಮಕೂರು. ಹೆಂಡತಿಯ ಊರು ವಿಜಯವಾಡ ಎಂಬ ಒಂದೇ ಕಾರಣಕ್ಕೆ ಇಲ್ಲಿಗೆ ಬಂದು, ಮೂವತ್ತೊಂದು ವರ್ಷ ಹಳೆಯ ಪೆಟ್ರೋಲ್ ಎಂಜಿನ್ನುಗಳ ಕೆಲಸವನ್ನೇ ಮಾಡಿದವನು. ಎಲ್ಲರೂ ‘ಮೇಸ್ತ್ರಿಗಾರು’ ಎಂದು ಕರೆಯುತ್ತಿದ್ದರು. ಆ ಮರ್ಯಾದೆ ಸ್ವಲ್ಪ ತಲೆಗೂ ಏರಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ವರ್ಷ ಡಿಸೆಂಬರಿನಲ್ಲಿ ವಿಶಾಖಪಟ್ಟಣದ ಎಂವಿಪಿ ಕಾಲೋನಿಯಿಂದ ಲಾರಿಯ ಮೇಲೆ ಒಂದು ಕಾರು ಬಂತು. 1964ರ ಗಾಡಿ, ನಾಲ್ಕು ಸಿಲಿಂಡರ್, ಬೂದು ಬಣ್ಣ. ಅದರ ಒಡೆಯರು ರೈಲಿನಲ್ಲಿ ಬಂದು ಗವರ್ನರ್‌ಪೇಟೆಯ ಹೋಟೆಲೊಂದರಲ್ಲಿ ಇಳಿದುಕೊಂಡರು. ಹೆಸರು ನರಗುಂದ, ಮೂಲ ಧಾರವಾಡದ ಕಡೆ; ವಿಶಾಖಪಟ್ಟಣದಲ್ಲೇ ನೆಲೆಸಿದ ನಿವೃತ್ತ ಬ್ಯಾಂಕ್ ಅಧಿಕಾರಿ. ಜೊತೆಗೆ ಪತ್ನಿ ಶಾರದಮ್ಮ.

ನರಗುಂದ ಅವರು ಬಲಗೈಯನ್ನು ಟವೆಲಿನಡಿ ಇಟ್ಟುಕೊಂಡೇ ಮಾತಾಡುತ್ತಿದ್ದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿತ್ತು. ಮೂವತ್ತು ವರ್ಷ ಬೇರೆಯವರ ಸಹಿ ಹೊಂದುತ್ತದೋ ಇಲ್ಲವೋ ಎಂದು ನೋಡಿ ಹೇಳಿದವರು ಅವರು. ಈಗ ಅವರ ಸಹಿಯೇ ಅವರ ಬ್ಯಾಂಕಿನಲ್ಲಿ ಹೊಂದುತ್ತಿರಲಿಲ್ಲ. ಇದನ್ನು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಡಿಸ್ಟ್ರಿಬ್ಯೂಟರ್ ಎಂದರೆ ಯಾವ ಸಿಲಿಂಡರಿಗೆ ಯಾವ ಕ್ಷಣದಲ್ಲಿ ಕಿಡಿ ಹೋಗಬೇಕೆಂದು ಹಂಚುವ ಭಾಗ. ಹಳೆಯ ಕಾರುಗಳಲ್ಲಿ ಅದರೊಳಗೆ ಪಾಯಿಂಟ್ ಎಂಬ ಪುಟ್ಟ ಲೋಹದ ಜೋಡಿ ಇರುತ್ತದೆ. ಅವುಗಳ ನಡುವಿನ ಸಂದನ್ನು 0.4 ಮಿಲಿಮೀಟರಿಗೆ ಆಗಾಗ ಹೊಂದಿಸುತ್ತಿರಬೇಕು. ಇಪ್ಪತ್ತೆಂಟು ವರ್ಷ ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ ಅದನ್ನು ನೋಡಿಕೊಂಡವರು ನರಗುಂದ ಅವರೇ. ಈಗ ಕೈ ಒಪ್ಪದೆ, ಸಂದು ತಪ್ಪಿ, ಗಾಡಿ ಎರಡು ಸಲ ನಡುರಸ್ತೆಯಲ್ಲಿ ನಿಂತಿತ್ತು. ಅದಕ್ಕೇ ಪಾಯಿಂಟ್ ಇಲ್ಲದ, ಬೇರೆ ಕಂಪನಿಯವರು ಮಾಡಿದ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರನ್ನು ನಾನು ತರಿಸಿಟ್ಟಿದ್ದೆ.

“ಇನ್ನ ಮ್ಯಾಲೆ ಗಾಡಿ ಹೊಡಿಯೂದು ನಾನ. ಹೊಸಾದು ಹಾಕಿದ ಮ್ಯಾಲೂ ದಾರ್ಯಾಗ ನಿಂತ್ರ, ಯಾರಿಗರೆ ಕೊಟ್ಟಬಿಡೂದು ಅಂತ ಇಬ್ರೂ ಮಾತಾಡ್ಕೊಂಡೇವಿ,” ಎಂದರು ಶಾರದಮ್ಮ.

“ಚಿಂತೆ ಬಿಡಿ ಅಮ್ಮ. ಸಾರ್, ಇನ್ಮೇಲೆ ನೀವು ಬಾನೆಟ್ ಎತ್ತೋ ಹಾಗೇ ಇಲ್ಲ,” ಎಂದೆ ನಾನು.

ಧೈರ್ಯ ಹೇಳಿದೆನೆಂದುಕೊಂಡೆ. ನರಗುಂದ ಅವರು ಟವೆಲನ್ನು ಕೈಯ ಮೇಲೆ ಇನ್ನಷ್ಟು ಎಳೆದುಕೊಂಡರು. ಶಾರದಮ್ಮ ನನ್ನತ್ತ ನೋಡಿದ ನೋಟ ನನಗಾಗ ಅರ್ಥವಾಗಲಿಲ್ಲ.

ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ, ಕ್ಲ್ಯಾಂಪ್ ಹಾಕಿದೆ. ಕ್ಲ್ಯಾಂಪ್ ಎಂದರೆ ಡಿಸ್ಟ್ರಿಬ್ಯೂಟರಿನ ಕತ್ತನ್ನು ಅಲುಗದಂತೆ ಹಿಡಿಯುವ ಪಟ್ಟಿ. ಸೆಲ್ಫ್ ಹೊಡೆದ ಮೊದಲ ಸಲವೇ ಎಂಜಿನ್ನು ಶುರುವಾಯಿತು. ಕಿಡಿ ಹಾರಿದಾಗಲೆಲ್ಲ ಮಿಂಚುವ ಟೈಮಿಂಗ್ ಲೈಟ್ ಹಿಡಿದು, ಡಿಸ್ಟ್ರಿಬ್ಯೂಟರನ್ನು ತಿರುಗಿಸುತ್ತ, ಕಿಡಿಯ ಸಮಯವನ್ನು ಕಾರಿನ ಪುಸ್ತಕದಲ್ಲಿದ್ದಂತೆ ಆರು ಡಿಗ್ರಿಗೆ ನಿಲ್ಲಿಸಿ ಬೋಲ್ಟು ಬಿಗಿದೆ.

ಮರುದಿನ ಬೆಳಿಗ್ಗೆ ಏಲೂರಿನ ಕಡೆ ಟ್ರಯಲ್ ಹೊರಟೆವು. ಶಾರದಮ್ಮನ ಕೈಯಲ್ಲಿ ಸ್ಟೀರಿಂಗ್, ಪಕ್ಕದಲ್ಲಿ ಪತಿ, ಹಿಂದಿನ ಸೀಟಿನಲ್ಲಿ ನಾನು. ಟೈಮಿಂಗ್ ಲೈಟನ್ನು ಶೆಡ್ಡಿನಲ್ಲೇ ಬಿಟ್ಟು ಬಂದಿದ್ದೆ. ನನ್ನ ಕೆಲಸ ದಾರಿಯಲ್ಲಿ ಕೈಕೊಡುತ್ತದೆ ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ.

ಇಪ್ಪತ್ತು ಕಿಲೋಮೀಟರ್ ಹೋಗಿರಬೇಕು. “ಮೇಸ್ತ್ರಿಗಾರು, ಎಂಜಿನ್ ದನಿ ದಪ್ಪ ಆಗೇತಿ ನೋಡ್ರಿ,” ಎಂದರು ನರಗುಂದ ಅವರು.

“ಹೊಸದಲ್ವಾ ಸಾರ್, ಕಿವಿಗೆ ರೂಢಿ ಆಗ್ಬೇಕು.”

“ನಡಗೂದು ಕೈ ಅಷ್ಟರೀ. ಕಿವಿ ಅಲ್ಲ.”

ನಾನು ನಕ್ಕು ಮಾತು ತೇಲಿಸಿದೆ. ಹತ್ತು ನಿಮಿಷದಲ್ಲಿ ಟೆಂಪರೇಚರ್ ಮುಳ್ಳು ಮೇಲೇರಿತು. ಮುಂದೆ ಫ್ಲೈಓವರ್ ಕಾಣುತ್ತಿದ್ದಂತೆ ಎಂಜಿನ್ನಿನಲ್ಲಿ ಕಸುವೇ ಉಳಿಯಲಿಲ್ಲ. ಶಾರದಮ್ಮ ಹೇಗೋ ರಸ್ತೆ ಬದಿಯ ಟೀ ಅಂಗಡಿಯ ಮುಂದೆ ತಂದು ಮುಟ್ಟಿಸುವಷ್ಟರಲ್ಲಿ ಗಾಡಿ ನಿಂತೇ ಹೋಯಿತು.

“ಮುಗೀತಲ್ಲ, ಕೊಟ್ಟಬಿಡೂಣು,” ಎಂದರು ನರಗುಂದ ಅವರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬಾನೆಟ್ ಎತ್ತಿ ಡಿಸ್ಟ್ರಿಬ್ಯೂಟರನ್ನು ಹಿಡಿದು ನೋಡಿದೆ. ಡಬ್ಬಿಯ ಮುಚ್ಚಳದಂತೆ ತಿರುಗಿತು. ಬೋಲ್ಟಿಗೆ ಸ್ಪ್ಯಾನರ್ ಹಾಕಿದರೆ ಅದು ಬಿಗಿಯಾಗಿಯೇ ಇತ್ತು. ಹೊಸದರ ಕತ್ತು ಹಳೆಯದಕ್ಕಿಂತ ಕೂದಲೆಳೆಯಷ್ಟು ಸಣ್ಣ. ಹಾಗಾಗಿ ಕ್ಲ್ಯಾಂಪಿನ ಎರಡು ತುದಿಗಳು ಒಂದಕ್ಕೊಂದು ತಾಗಿ ನಿಂತಿದ್ದವು. ನನ್ನ ಬೋಲ್ಟು ಆ ತುದಿಗಳನ್ನು ಒತ್ತಿ ಹಿಡಿದಿತ್ತೇ ಹೊರತು ಕತ್ತನ್ನಲ್ಲ. ಗಾಡಿ ಓಡುತ್ತ ಡಿಸ್ಟ್ರಿಬ್ಯೂಟರ್ ಸ್ವಲ್ಪಸ್ವಲ್ಪವೇ ತಿರುಗಿ ಕಿಡಿ ತಡವಾಗುತ್ತ ಬಂದಿತ್ತು. ಕಿಡಿ ತಡವಾದರೆ ಎಂಜಿನ್ನು ಬಿಸಿಯೇರಿ ಸೋಲುತ್ತದೆ. ದಪ್ಪಗಾದ ದನಿ ಅದರದೇ.

“ತಪ್ಪು ಕಾರಿಂದಲ್ಲ ಸಾರ್, ನಂದು,” ಎಂದೆ. ಗಿರಾಕಿಯ ಮುಂದೆ ಈ ಮಾತನ್ನು ನಾನು ಎಷ್ಟು ಸಲ ಆಡಿದ್ದೇನೆಂಬುದನ್ನು ಒಂದೇ ಕೈಯ ಬೆರಳುಗಳಲ್ಲಿ ಎಣಿಸಬಹುದು.

ಟೀ ಅಂಗಡಿಯವನಿಂದ ಕತ್ತರಿಯನ್ನೂ ಖಾಲಿ ಕೂಲ್‌ಡ್ರಿಂಕ್ ಟಿನ್ನನ್ನೂ ಇಸಿದುಕೊಂಡು, ತೆಳ್ಳನೆಯ ಪಟ್ಟಿ ಕತ್ತರಿಸಿ ಡಿಸ್ಟ್ರಿಬ್ಯೂಟರಿನ ಕತ್ತಿಗೆ ಸುತ್ತಿದೆ. ಹಿಡಿತವೇನೋ ಸಿಕ್ಕಿತು. ಟೈಮಿಂಗ್ ನೋಡಲು ಲೈಟ್ ಇರಲಿಲ್ಲ. ಎಂಜಿನ್ನು ತಣ್ಣಗಾಗುವವರೆಗೆ ಟೀ ಕುಡಿಯುತ್ತ ಕುಳಿತೆವು. ನನಗೆ ಆ ಟೀಯ ರುಚಿಯೇ ಗೊತ್ತಾಗಲಿಲ್ಲ. ಕೊನೆಗೆ ಜಂಬ ಬಿಟ್ಟು ಕೇಳಿದೆ:

“ಸಾರ್, ನಾನು ತಿರುಗಿಸ್ತೀನಿ. ಎಲ್ಲಿ ನಿಲ್ಲಿಸ್ಬೇಕು ಅಂತ ನೀವು ಹೇಳ್ತೀರಾ?”

ನರಗುಂದ ಅವರು ಎದ್ದರು. ಟವೆಲು ಅಂಗಡಿಯ ಬೆಂಚಿನ ಮೇಲೆಯೇ ಉಳಿಯಿತು. ಶಾರದಮ್ಮ ಎಂಜಿನ್ನು ಶುರುಮಾಡಿದರು. ಎಲ್ಲರಿಗೂ ಕಾಣುವಂತೆ ನಡುಗುತ್ತಿದ್ದ ಕೈಯ ಪರಿವೆಯೇ ಇಲ್ಲದೆ ನರಗುಂದ ಅವರು ಕಣ್ಣು ಮುಚ್ಚಿ, ಎಂಜಿನ್ನಿನ ದನಿಗೆ ಕಿವಿಗೊಟ್ಟು ನಿಂತರು.

“ಇನ್ನ ಚೂರು... ಹೆಚ್ಚಾತು... ಹಿಂದಕ್ಕ ತಗೋರಿ... ಹಾಂ. ಅಲ್ಲೇ ಇರ್ಲಿ.”

ಬಿಗಿದೆ. ಈ ಸಲ ಎರಡೂ ಕೈಯಿಂದ ತಿರುಚಿ ನೋಡಿದೆ, ಅಲುಗಲಿಲ್ಲ. ಮೂರನೇ ಗೇರಿನಲ್ಲೇ ಗಾಡಿ ಫ್ಲೈಓವರ್ ಏರಿತು. ಶಾರದಮ್ಮ ಗಂಡನ ಕಡೆ ತಿರುಗಿ, “ನಿಂತಿದ್ದು ಲೆಕ್ಕಕ್ಕಿಲ್ರೀ. ಮೇಸ್ತ್ರಿಗಾರು ತಪ್ಪು ಒಪ್ಕೊಂಡಾರ,” ಎಂದರು. ನಾನು ಕಿಟಕಿಯ ಹೊರಗೆ ನೋಡಿದೆ.

ಶೆಡ್ಡಿಗೆ ಮರಳಿ ಲೈಟ್ ಹಿಡಿದೆ. ಟೈಮಿಂಗ್ ಆರು ಡಿಗ್ರಿಗಿಂತ ಒಂದು ಎಳೆಯಷ್ಟೇ ಕಡಿಮೆ ಇತ್ತು. ಪಕ್ಕದ ಲೇತ್ ಅಂಗಡಿಯಲ್ಲಿ ಕತ್ತಿನ ಅಳತೆಗೆ ಬುಷ್ ಎಂಬ ತೆಳ್ಳನೆಯ ಹಿತ್ತಾಳೆ ಬಳೆ ಕಡೆಸಿ, ಟಿನ್ನಿನ ಪಟ್ಟಿ ತೆಗೆದು ಅದನ್ನು ಹಾಕಿದೆ. ಟೈಮಿಂಗನ್ನು ಮತ್ತೆ ಕೂರಿಸಿದ್ದು ಪುಸ್ತಕದ ಆರಕ್ಕಲ್ಲ, ಅವರು ನಿಲ್ಲಿಸಿದ ಜಾಗಕ್ಕೇ.

ಆಮೇಲೆ ಉಳಿಯಿಂದ ಡಿಸ್ಟ್ರಿಬ್ಯೂಟರ್ ಮತ್ತು ಎಂಜಿನ್ ಬ್ಲಾಕ್ ಎರಡಕ್ಕೂ ಸೇರಿ ಒಂದೇ ಗೆರೆ ಎಳೆದೆ. ಡಿಸ್ಟ್ರಿಬ್ಯೂಟರ್ ಚೂರು ಸರಿದರೂ ಗೆರೆ ತುಂಡಾಗಿ ಎರಡಾಗುತ್ತದೆ.

“ಸಾರ್, ಪ್ರತಿ ಭಾನುವಾರ ಬಾನೆಟ್ ಎತ್ತಿ ಇದನ್ನ ನೋಡ್ಬೇಕು. ನೀವೇ ನೋಡ್ಬೇಕು.”

ನಿಜ ಹೇಳಬೇಕೆಂದರೆ ತಿಂಗಳಿಗೊಮ್ಮೆ ನೋಡಿದರೂ ಸಾಕಿತ್ತು. ಶಾರದಮ್ಮ ಮತ್ತೆ ನನ್ನತ್ತ ನೋಡಿದರು. ಈ ಸಲದ ನೋಟ ನನಗೆ ಅರ್ಥವಾಯಿತು.

ಮರುದಿನ ಸಂಜೆ ಕಾರಿನಲ್ಲೇ ವಿಶಾಖಪಟ್ಟಣ ಮುಟ್ಟಿ ನರಗುಂದ ಅವರು ಫೋನ್ ಮಾಡಿದರು. “ಎಲ್ಲೂ ನಿಲ್ಲಲಿಲ್ರೀ. ಚಾ ಕುಡಿಯಾಕ ನಾವ ನಿಂತ್ವಿ, ಅಷ್ಟ.”

ಬೋಲ್ಟು ಬಿಗಿಯಾಯಿತೆಂದು ನಂಬಿ ಕೂರಬೇಡ, ಅದು ಹಿಡಿದದ್ದನ್ನು ಅಲುಗಿಸಿ ನೋಡು. ಈಗ ಶೆಡ್ಡು ನಡೆಸುತ್ತಿರುವ ಅಳಿಯನಿಗೆ ನಾನು ಹೇಳುವ ಮೊದಲ ಪಾಠ ಇದು. ಎರಡನೆಯದನ್ನು ಹೇಳಿಕೊಡುವುದು ಕಷ್ಟ. ಅನುಕೂಲ ಮಾಡಿಕೊಡುತ್ತೇನೆಂದು ಹೊರಟು ಒಬ್ಬರ ಕೈಯಿಂದ ಇದ್ದೊಂದು ಕೆಲಸವನ್ನೂ ಕಿತ್ತುಕೊಳ್ಳಬಾರದು.

ಇಂದಿಗೂ ಭಾನುವಾರ ಬೆಳಿಗ್ಗೆ ನನ್ನ ಫೋನಿಗೆ ನರಗುಂದ ಅವರಿಂದ ಒಂದು ಫೋಟೋ ಬರುತ್ತದೆ. ಕೈ ನಡುಗಿ ಎಲ್ಲವೂ ಕಲಸಿಹೋಗಿರುತ್ತದೆ. ಗೆರೆಯ ಮಾತಿರಲಿ, ಡಿಸ್ಟ್ರಿಬ್ಯೂಟರೇ ಸರಿಯಾಗಿ ಕಾಣುವುದಿಲ್ಲ. ಹಿಂದೆಯೇ ವಾಯ್ಸ್ ಮೆಸೇಜಿನಲ್ಲಿ ಅವರ ದನಿ ಬರುತ್ತದೆ: “ಗೆರಿ ಒಂದ ಐತ್ರಿ.” ನಾನು ‘ಸರಿ ಸಾರ್’ ಎಂದು ಉತ್ತರ ಬರೆಯುತ್ತೇನೆ. ಅವರು ನೋಡಿದ್ದಾರಲ್ಲ, ನನಗೆ ಅಷ್ಟು ಸಾಕು.