ಗೂಳಿಯ ತಲೆ

ಗಂಡನಿಗೆ ಊರೇ ಇಟ್ಟ ಹೆಸರು ಗೂಳಿ. ಬಾಕ್ಸಿಂಗ್ ಅಂಕಣದಲ್ಲಿ ಎದುರು ನಿಂತವರಿಗೆಲ್ಲ ಮಣ್ಣು ಮುಕ್ಕಿಸಿದವನು. ಹೆಂಡತಿ ದರ್ಜಿ. ಒಂದು ಕಣ್ಣು ಹೊಲಿಗೆಯ ಮೇಲಿದ್ದರೆ ಇನ್ನೊಂದು ಗಂಡನ ಮೇಲೆ. ಐವತ್ತು ದಾಟುವ ಮೊದಲೇ ಗೂಳಿಗೆ ಅವಳ ಮುಖ ಮರೆತುಹೋಗಿತ್ತು. ಅವನ ಕೈ ಮಾತ್ರ, ಹಾಳಾದ್ದು, ಏನನ್ನೂ ಮರೆತಿರಲಿಲ್ಲ.

ಆಸ್ಪತ್ರೆಯಲ್ಲಿ ಮೆದುಳು ಸವೆಯುವ ಕಾಯಿಲೆಗಳ ಸಂಶೋಧನೆ ಮಾಡುವ ಡಾಕ್ಟರಮ್ಮ ಅವನನ್ನು ಪರೀಕ್ಷೆಗೆ ಕೂರಿಸಿದಳು. "ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳ್ತೀರೋ ಹೇಳಿ." ಗೂಳಿ ಹಸುವಿನಲ್ಲೇ ಸಿಕ್ಕಿಕೊಂಡ. ನಿಮಿಷ ಮುಗಿದು ಮೇಜಿನ ಗಡಿಯಾರ ಟಣ್ ಎಂದದ್ದೇ ತಡ, ಸುತ್ತು ಶುರುವಾಯಿತೆಂದು ಎದ್ದು ಎಡಗೈ ಬೀಸಿದ. ಅಷ್ಟೆಲ್ಲ ಓದಿದವಳು ಬಾಕ್ಸರನೆದುರು ಗಂಟೆ ಇಡುವುದೇ? ಮುಂದಿನ ಹಲ್ಲು ಮೇಜಿನ ಮೇಲೆ ಬಿತ್ತು. ಮಹಾತಾಯಿ, ಬಾಯಿಗೆ ಹತ್ತಿ ಒತ್ತಿಕೊಂಡೇ ಅವನ ಹೆಂಡತಿಗೆ ವಿವರಿಸಿದಳು.

"ದೊಡ್ಡ ಏಟುಗಳಿಂದಷ್ಟೇ ಅಲ್ಲಮ್ಮ. ದಿನಾ ಅಭ್ಯಾಸದಲ್ಲಿ ತಲೆಗೆ ಬೀಳೋ ಸಣ್ಣ ಏಟುಗಳಿಂದಲೂ ಮೆದುಳಲ್ಲಿ ಒಂದು ಪ್ರೋಟೀನು ಗಂಟು ಕಟ್ಟುತ್ತೆ. ಔಷಧಿ ಹುಡುಕ್ತಾ ಇದೀವಿ, ಇನ್ನೂ ಸಿಕ್ಕಿಲ್ಲ."

ಹೆಂಡತಿಯ ಎದೆ ಧಸಕ್ಕೆಂದದ್ದು ಗಂಡನಿಗಾಗಿ ಅಲ್ಲ. ಮಗಳು ಅದೇ ಅಂಕಣದಲ್ಲಿ ದಿನಾ ಏಟು ತಿನ್ನುತ್ತಿದ್ದಳು. "ಬಿಟ್ಟುಬಿಡೇ, ನಿನ್ನ ಕಾಲು ಹಿಡೀತೀನಿ" ಎಂದು ತಾಯಿ ಗೋಗರೆದಳು.

"ಅಪ್ಪನಿಗೆ ಏಟು ತಪ್ಪಿಸ್ಕೊಳ್ಳೋಕೆ ಬರ್ತಿರಲಿಲ್ಲ. ನನಗೆ ಬರುತ್ತೆ."

ಮಗಳು ಹಟದಲ್ಲಿ ಅಪ್ಪನ ಪಡಿಯಚ್ಚು. ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವವಳಲ್ಲ.

ಒಂದು ಮಧ್ಯಾಹ್ನ ಇಸ್ತ್ರಿಪೆಟ್ಟಿಗೆಯಿಂದ ಕೈ ಸುಟ್ಟುಕೊಂಡ ತಾಯಿ ಅಂಗೈಗೆ ಬಿಳಿ ಪಟ್ಟಿ ಸುತ್ತಿಕೊಂಡು ಬಂದಳು. ಬಾಕ್ಸರುಗಳು ಕೈಗವಸಿನೊಳಗೆ ಸುತ್ತುವುದೂ ಅಂಥದ್ದೇ ಪಟ್ಟಿ. ಗೂಳಿಗೆ ಎದುರಾಳಿ ಕಂಡ. ಮೊದಲ ಏಟಿಗೆ ಅವಳ ಮೂಗು ಮುರಿಯಿತು, ಎರಡನೆಯದಕ್ಕೆ ಪಕ್ಕೆಲುಬು. ಗೋಡೆಗೆ ಒತ್ತಿ ಗುದ್ದುತ್ತಲೇ ಇದ್ದ. ಸದ್ದಿಗೆ ಓಡಿಬಂದ ಮಗಳು "ಅಪ್ಪಾ, ಬಿಡು, ಸತ್ತೋಗ್ತಾಳೆ!" ಎಂದು ಎಳೆದಳು. ಅವನು ಜಗ್ಗಲಿಲ್ಲ. ದವಡೆಗೆ ಒಂದೇ ಒಂದು ಬಿಟ್ಟಳು.

ಗೂಳಿ ಕುಸಿದ. ಬೀಳುವಾಗ ತಲೆ ಹೊಲಿಗೆ ಯಂತ್ರದ ಕಬ್ಬಿಣಕ್ಕೆ ಬಡಿಯಿತು.

"ತಲೆಗೆ ಯಾಕೆ ಹೊಡೆದ್ಯೇ, ಪಾಪಿ!" ತಾಯಿ ರಕ್ತ ಉಗುಳುತ್ತ ಮಗಳ ಕಾಲಿಗೆ ಗುದ್ದಿದಳು. ಆಮೇಲೆ ತೆವಳಿ ಹೋಗಿ ಗಂಡನ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು.

ಗೂಳಿ ಕಣ್ಣು ಬಿಟ್ಟ. ಎದುರು ನಿಂತವಳನ್ನು ಮೆಚ್ಚುಗೆಯಿಂದ ನೋಡಿದ.

"ಭಲೇ, ಒಳ್ಳೇ ಏಟು. ಯಾರ ಮಗಳಮ್ಮ ನೀನು?"

ಆ ಸಂಜೆ ಮಗಳು ಅಭ್ಯಾಸಕ್ಕೆ ಹೋಗಲಿಲ್ಲ. ಮತ್ತೆಂದೂ ಹೋಗಲಿಲ್ಲ.