ಕ್ಯಾರಿಯರ್ ಮೇಲಿನ ಪೆಟ್ಟಿಗೆ

ಬೆಳಿಗ್ಗೆ ಉಳ್ಳಾಗಡ್ಡಿ ತೆಗೆಯಲು ಅಡುಗೆಮನೆಯ ಮೂಲೆಯ ಪೆಟ್ಟಿಗೆಯ ಮುಚ್ಚಳ ಎತ್ತಿದೆ. ಉಳ್ಳಾಗಡ್ಡಿಯ ಘಾಟಿನ ಅಡಿಯಿಂದ ಹಳೆಯ ವಾರ್ನಿಷ್ ವಾಸನೆ ಸಣ್ಣಗೆ ಮೂಗಿಗೆ ಬಡಿಯಿತು. ಇದು ನಾನೇ ಮಾಡಿದ ಪೆಟ್ಟಿಗೆ. ಸುರಪುರದ ಈ ಮನೆಗೆ ಬಂದವರು ಯಾರೂ ಇದನ್ನು ಹೊಗಳುವುದಿಲ್ಲ. ಶಹಾಪುರದಲ್ಲಿ ಒಂದು ಕಾಲಕ್ಕೆ ಇಡೀ ಓಣಿ ಹೊಗಳಿತ್ತು. ಪುರುಸೊತ್ತಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ಆಗ ಮದುವೆಯಾದ ಹೊಸತು. ತಾಯಿ, ಅಣ್ಣಂದಿರು, ಅತ್ತಿಗೆಯರು, ಮಕ್ಕಳು, ಮನೆ ತುಂಬ ಜನ. ಹಿರಿಯರೆದುರು ಗಂಡ ಹೆಂಡತಿ ಮಾತಾಡುವ ರೂಢಿ ನಮ್ಮಲ್ಲಿ ಇರಲಿಲ್ಲ. ನೀರು ಬೇಕಾದರೆ ನಾನು ಗೋಡೆಗೆ ಹೇಳುತ್ತಿದ್ದೆ. ಗೋಡೆಯಾಚೆಯಿಂದ ತಂಬಿಗೆ ಬರುತ್ತಿತ್ತು. ಕೋಣೆ ಇರಲಿಲ್ಲವೇ ಎನ್ನಬೇಡಿ. ಇತ್ತು, ಅದಕ್ಕೂ ತಾಯಿಯ ಮಂಚಕ್ಕೂ ನಡುವೆ ಒಂದು ಪರದೆಯಿತ್ತು, ಅಷ್ಟೆ.

ನನ್ನ ಹೆಂಡತಿ ಮಹಾದೇವಿ ಹತ್ತಿರದ ಸಗರದ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು. ದಿನಾ ಬೆಳಿಗ್ಗೆ ಅವಳನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಿಡುತ್ತಿದ್ದೆ. ಆ ಹದಿನೈದು ನಿಮಿಷವೇ ನಮ್ಮ ಸಂಸಾರ. ಬೆನ್ನ ಹಿಂದಿನಿಂದ ಅವಳು ಎಲ್ಲವನ್ನೂ ಹೇಳುತ್ತಿದ್ದಳು, ನಾನು ಹೂಂ ಅನ್ನುತ್ತ ತುಳಿಯುತ್ತಿದ್ದೆ.

ಒಂದು ದಿನ ರೋಡ್ ಹಂಪಿನ ಮೇಲೆ ಅವಳ ತೊಡೆಯ ಮೇಲಿನ ಚೀಲ ಜಾರಿ, ಬುತ್ತಿಯ ಪುಂಡಿಪಲ್ಯ ರಸ್ತೆಯ ಪಾಲಾಯಿತು. ಈ ಚೀಲಕ್ಕೊಂದು ಜಾಗ ಆಗಬೇಕು ಅಂದಳು. ಗಣಿತದ ಮಾಸ್ತರನಾದ ನನಗೆ ಅಷ್ಟು ಸಾಕಾಯಿತು. ರವಿವಾರ ಅವಳು ತಂಗಿಯ ಮನೆಗೆ ಹೋದದ್ದೇ ತಡ, ನೆರೆಯ ಬಡಿಗ ಚಾಂದಸಾಬರ ಅಂಗಳದಲ್ಲಿ ಕೂತೆ. ಕ್ಯಾರಿಯರ್ ಅಳೆದೆ, ಚೀಲ ಅಳೆದೆ. ಹಳೆಯ ಪ್ಲೈವುಡ್ ಕೊಯ್ದು, ಮೂಲೆಗಳಿಗೆ ಎಣ್ಣೆ ಡಬ್ಬಿಯ ತಗಡು ಬಡಿದು, ವಾರ್ನಿಷ್ ಹಚ್ಚಿ, ಪೆಟ್ಟಿಗೆಯನ್ನು ನಾಲ್ಕು ಬೋಲ್ಟು ಹಾಕಿ ಕ್ಯಾರಿಯರಿಗೆ ಬಿಗಿದೆ. ಕಳ್ಳರು ಬಿಚ್ಚಬಾರದೆಂದು ಬೋಲ್ಟಿನ ತುದಿ ಜಜ್ಜಲು ಸುತ್ತಿಗೆ ಎತ್ತಿದಾಗ ಚಾಂದಸಾಬರು ಬಾಯಿಂದ ಬೀಡಿ ತೆಗೆದರು.

"ಇವತ್ತ ಜಜ್ಜಬ್ಯಾಡ್ರಿ ಮಾಸ್ತರ್ರ. ಟೀಚರ್ ಬಾಯಾರು ಒಮ್ಮಿ ನೋಡ್ಲಿ, ಆಮ್ಯಾಲ ಜಜ್ಜೂಣು."

ಇವರಿಗೆ ಎಲ್ಲವೂ ನಾಳೆಯೇ ಎಂದುಕೊಂಡು ನಾಲ್ಕನ್ನೂ ಜಜ್ಜಿದೆ.

ಸೋಮವಾರ ಓಣಿಯ ಜನ ನೆರೆದರು. ಎಲ್ಲರಿಗಿಂತ ಹೆಚ್ಚು ಮೆಚ್ಚಿದವಳು ನನ್ನ ತಾಯಿ. ಮಹಾದೇವಿ ಚೀಲವನ್ನು ಒಳಗಿಟ್ಟಳು, ಮುಚ್ಚಳ ಹಾಕಿದಳು, ಸೆರಗು ಸರಿಮಾಡಿಕೊಂಡು ಕೂಡಲು ಬಂದಳು. ಕೂಡಲು ಜಾಗವಿರಲಿಲ್ಲ. ಹೆಂಡತಿಯನ್ನು ಮುಂದಿನ ದಂಡಿಯ ಮೇಲೆ ಕೂಡಿಸಿಕೊಳ್ಳುವಷ್ಟು ಗಂಡಸುತನ ಆ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಹಿರಿಯರೆದುರು ಅವಳೇನೂ ಅನ್ನದೆ ಟಂಟಂ ಆಟೋ ಹತ್ತಿದಳು. ಅವಳ ಚೀಲ ಮಾತ್ರ ನನ್ನ ಜೊತೆ ಸೈಕಲ್ಲಿನ ಮೇಲೆ ಠೀವಿಯಿಂದ ಬಂತು.

ಹೀಗೆ ಎಂಟು ದಿನ. ಇಷ್ಟು ಹೊಗಳಿಸಿಕೊಂಡದ್ದನ್ನು ಕೀಳುವುದು ಹೇಗೆ? ಎಂಟನೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಮುಚ್ಚಳ ತೆರೆದರೆ ಚೀಲದ ಮೇಲೆ ಮಡಿಚಿದ ಕಾಗದ. ಸುರಪುರದ ಸರ್ಕಾರಿ ಶಾಲೆಗೆ ಅವಳ ಕಾಯಂ ನೇಮಕದ ಪತ್ರ. ಒಪ್ಪಿಗೆ ಕೊಡಲು ಮರುದಿನವೇ ಕೊನೆ.

"ಎಂಟು ದಿನ ಆತ್ರಿ ಬಂದು," ಅಂದಳು. "ಎಲ್ಲಿ ಹೇಳ್ಲಿ? ನನ್ನ ಜಾಗದಾಗ ಪೆಟ್ಟಿಗಿ ಕುಂತೈತಿ."

ಹೋಗುತ್ತೀಯಾ ಎಂದು ಕೇಳಿದೆ.

"ಕುಂತು ಹೇಳ್ತೀನಿ," ಎಂದು ಬಸ್ ಹತ್ತಿದಳು.

ಸಂಜೆ ಚಾಂದಸಾಬರು ಕೇಳುವ ಮೊದಲೇ ಕಬ್ಬಿಣ ಕೊಯ್ಯುವ ಗರಗಸ ಕೈಗಿಟ್ಟರು. ಜಜ್ಜಿದ್ದಕ್ಕಿಂತ ಕೊಯ್ಯುವುದಕ್ಕೆ ನಾಲ್ಕು ಪಟ್ಟು ಹೊತ್ತು ಹಿಡಿಯಿತು. ಮರುದಿನ ಬೆಳಿಗ್ಗೆ ಅವಳು ಮತ್ತೆ ಕ್ಯಾರಿಯರ್ ಮೇಲೆ ಕೂತಳು; ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಇಬ್ಬರೂ ಸುರಪುರಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತು. ತಾಯಿಗೆ ಹೇಳುವ ಕೆಲಸ ನನ್ನದು. ಅಂದು ಗೋಡೆಗೆ ಹೇಳಲಿಲ್ಲ, ಎದುರಿಗೇ ಹೇಳಿದೆ.

ಈಗ ಸುರಪುರದಲ್ಲಿ ಪರದೆಯಿಲ್ಲ, ಮೂರು ಕೋಣೆಗಳಿವೆ, ಸ್ಕೂಟರಿದೆ. ಹೆಲ್ಮೆಟ್ಟಿನೊಳಗೆ ಏನೂ ಕೇಳಿಸುವುದಿಲ್ಲ; ಮನೆಯಲ್ಲಿ ಇಬ್ಬರ ಕೈಯಲ್ಲೂ ಫೋನು. ಅವಳು ಬಿ.ಪಿ. ಮಾತ್ರೆ ನುಂಗಲು ಶುರುಮಾಡಿ ತಿಂಗಳಾಯಿತೆಂದು ನನಗೆ ನಿನ್ನೆ ತಿಳಿಯಿತು, ಔಷಧಿ ಅಂಗಡಿಯವನಿಂದ. ಈ ಸಲ ಯಾವ ಪೆಟ್ಟಿಗೆಯನ್ನೂ ಮಾಡದೆಯೇ ಅವಳ ಜಾಗ ಕಸಿದಿದ್ದೇನೆ ಅನ್ನಿಸಿ ನಾಚಿಕೆಯಾಯಿತು.

ಉಳ್ಳಾಗಡ್ಡಿಯನ್ನು ಅಲ್ಲೇ ಬಿಟ್ಟು, ಹಿತ್ತಿಲಲ್ಲಿದ್ದ ಸೈಕಲ್ ಒರೆಸಿ, ಗಾಳಿ ಹಾಕಿಸಿ ತಂದೆ. ಮಹಾದೇವಿ ಕ್ಯಾರಿಯರನ್ನು ಕೈಯಿಂದ ಒತ್ತಿ ನೋಡಿದಳು. ಸಂತೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಓಣಿ ದಾಟುವವರೆಗೆ ತುಳಿಯುತ್ತ ಅವಳ ಮಾತಿಗಾಗಿ ಕಾದೆ.

"ಹೂಂ," ಅಂದೆ ನಾನೇ ಮೊದಲು.