ಟೈಲರಕ್ಕ ಹೊಲಿದ ಬೋ ಹಾರ

ಮೊಮ್ಮಗಳ ತೊಟ್ಟಿಲು ಶಾಸ್ತ್ರಕ್ಕೆ ರಿಬ್ಬನ್ ಗಂಟಿನಂಥ ಬಟ್ಟೆ ಬೋಗಳ ಹಾರ ಹೊಲಿಯೋಣವೆಂದು ಮೊನ್ನೆ ಹಳೇ ಮೆಷಿನ್ನಿಗೆ ಎಣ್ಣೆ ಬಿಟ್ಟೆ. ಹೊಸ ಬಟ್ಟೆಯ ಗಂಜಿ ವಾಸನೆಗೆ ಎಣ್ಣೆ ವಾಸನೆ ಸೇರಿತು ನೋಡಿ, ಮದ್ದೂರಿನ ಪಕ್ಕದ ಮನೆ ಟೈಲರಕ್ಕ ಬಂದು ಬೆನ್ನ ಹಿಂದೆ ನಿಂತ ಹಾಗಾಯಿತು. ತಿರುಗಿಯೂ ನೋಡಿದೆ. ಈ ವಯಸ್ಸಿನಲ್ಲಿ ನಾಚಿಕೆಗೇಡು, ಆದರೂ ನೋಡಿದೆ.

ನಾನು ಮದುವೆಯಾಗಿ ಮದ್ದೂರಿಗೆ ಬಂದಾಗ ಅಕ್ಕನಿಗೆ ನಲವತ್ತು ದಾಟಿತ್ತು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಬೀದಿಯ ಹೆಂಗಸರ ರವಿಕೆ ಹೊಲಿದೇ ಅವಳ ಬದುಕು. ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಮಂಡ್ಯದ ಗೆಳತಿಯ ಮನೆಯ ತೊಟ್ಟಿಲಿಗೆ ಇಂಥ ಹಾರ ಕಟ್ಟಿದ್ದು ಕಂಡೆ. ಅದೇ ಬೇಕೆಂದು ಅಕ್ಕನ ಬೆನ್ನು ಬಿದ್ದೆ.

"ಕೂಸು ಉಟ್ಟೋ ಮುಂಚೆ ತೊಟ್ಲು ಸಾಮಾನು ಒಲಿಬಾರ್ದು ಕಣಮ್ಮ. ಮೊದ್ಲು ಮಡ್ಲಿಗೆ ಬರ್ಲಿ ಬುಡು," ಅಂದಳು.

ನಮ್ಮ ಕಡೆ ಹಾಗೇ. ಹುಟ್ಟುವ ಮುಂಚೆ ಒಂದು ಕುಲಾವಿಯನ್ನೂ ತರುವುದಿಲ್ಲ. ನನಗೋ ಹಿಡಿದದ್ದೇ ಹಠ, ಒಂದು ಹೊತ್ತು ಊಟವನ್ನೂ ಬಿಟ್ಟೆ. ಬಸುರಿ ಬಯಕೆ ಅಂತ ಅಕ್ಕ ಸೋತಳು. ಎರಡು ಮಧ್ಯಾಹ್ನ ಪಕ್ಕದಲ್ಲಿ ಕೂರಿಸಿಕೊಂಡು, ನನಗೂ ಕಲಿಸುತ್ತಾ ಹೊಲಿದಳು. ಪಟ್ಟಿ ಹೊಲಿದು ಮಗುಚಿ, ನಡುವೆ ನೆರಿಗೆ ಹಿಡಿದು, ದಾರ ಮೂರು ಸುತ್ತು ಬಿಗಿಯಬೇಕು. "ಯಾರ್ಗೂ ಯೋಳ್ಬ್ಯಾಡ, ಪೆಟ್ಗೆ ತಳಕ್ಕಾಕು," ಅಂದಳು.

ಎಂಟನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು... ಬಿಪಿ ಅಂದರು ಡಾಕ್ಟರು. ಗಂಡು ಮಗು.

ಆಸ್ಪತ್ರೆಯಿಂದ ಬಂದ ವಾರಕ್ಕೆ ಪೆಟ್ಟಿಗೆಯಲ್ಲಿದ್ದ ಹಾರ ಅತ್ತೆಯ ಕೈಗೆ ಸಿಕ್ಕಿತು.

"ಯಾರೇ ಇದ್ನ ಒಲ್ದಿದ್ದು?"

"ನಾನು ಬ್ಯಾಡ ಅಂದೆ ಅತ್ತೆ. ಟೈಲರಕ್ಕನೇ ಒಲ್ದು ತಂದ್ಕೊಟ್ಲು."

ಅತ್ತೆ ಬೀದಿಗಿಳಿದು ಬಾಯಿಗೆ ಬಂದದ್ದೆಲ್ಲ ಅಂದರು. ಅಕ್ಕ ಕತ್ತರಿ ಕೆಳಗಿಟ್ಟು, ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಂದೇ ಸಲ ನೋಡಿದಳು. ನಾನು ನೆಲ ನೋಡಿದೆ. ಅವಳು ಮತ್ತೆ ಕತ್ತರಿ ಎತ್ತಿಕೊಂಡಳು.

ಅವಳ ಕೈಗುಣ ಸರಿಯಿಲ್ಲ ಅಂತಾಯಿತು. ಊರ ಬಾಯಿ ಮುಚ್ಚೋರು ಯಾರು ಅಂತಾರೆ. ಮುಚ್ಚಬಹುದಾಗಿದ್ದವಳು ನಾನೊಬ್ಬಳಿದ್ದೆ. ಮದುವೆ ರವಿಕೆಗಳು ಮೊದಲು ನಿಂತವು, ಆಮೇಲೆ ಹರಿದ ಲಂಗವನ್ನೂ ಯಾರೂ ತರಲಿಲ್ಲ. ವರ್ಷದೊಳಗೆ ಅಕ್ಕ ಮೆಷಿನ್ನನ್ನು ಆಟೋಗೆ ಹಾಕಿಸಿಕೊಂಡು ಆತಗೂರಿನ ತಂಗಿ ಮನೆಗೆ ಹೊರಟುಹೋದಳು. ಹೋಗುವಾಗ ನಮ್ಮ ಬಾಗಿಲ ಕಡೆ ತಿರುಗಲಿಲ್ಲ.

ಆತಗೂರು ಎಷ್ಟು ದೂರ? ಬಸ್ಸು ಹತ್ತಿದರೆ ಆಯಿತು. ಮಗಳು ಹುಟ್ಟಿದ ಮೇಲಾದರೂ ಹೋಗಿ ಕಾಲು ಹಿಡಿಯಬೇಕೆಂದುಕೊಂಡೆ... ಆಮೇಲೆ ಮಗಳ ಮದುವೆಯಾದ ಮೇಲೆ ಅಂದುಕೊಂಡೆ... ಅಷ್ಟರಲ್ಲಿ ಅಕ್ಕ ಅಲ್ಲೇ ತೀರಿಕೊಂಡ ಸುದ್ದಿ ಬಂತು. ಅವತ್ತು ಒಲೆ ಮುಂದೆ ಕೂತು ಕಣ್ಣೀರು ಹಾಕಿದೆ. ಯಾಕೆಂದು ಮನೆಯವರು ಕೇಳಿದರೆ ಹೊಗೆ ಅಂದೆ.

ಇವತ್ತು ಹಾರ ಮುಗಿಯಿತು. ಮಗಳು ಕೂಸನ್ನು ಎತ್ತಿಕೊಂಡು ಬಂದು ಒಂದೊಂದೇ ಬೋ ಮುಟ್ಟಿ ನೋಡಿದಳು.

"ಎಷ್ಟ್ ಚೆಂದಾಗ್ ಬಂದದಮ್ಮ! ಯಾರು ಕಲಿಸ್ಕೊಟ್ರು ನಿಂಗೆ?"

ನಮ್ಮತ್ತೆ ಹೋಗಿ ಎಷ್ಟೋ ಕಾಲವಾಯಿತು. ಆ ಬೀದಿಯ ಹೆಂಗಸರೂ ಚದುರಿಹೋದರು. ನಾನು ಹೆದರಬೇಕಾದವರು ಯಾರೂ ಉಳಿದಿಲ್ಲ. ಅಕ್ಕನ ಹೆಸರು ನಾಲಿಗೆ ತುದಿಗೆ ಬಂತು.

"ಮೊಬೈಲ್ ನೋಡ್ಕಂಡ್ ಕಲ್ತೆ ಕಣೆ," ಅಂದೆ.